ಪತ್ತೇದಾರನ ಕಣ್ಣು, ಹೊಲದ ಸಾಲು: ಕನ್ನಡ ರೋಚಕ ಕಾದಂಬರಿ ಮತ್ತು ಮಾದಕ ದ್ರವ್ಯದ ಅಪರಾಧ

1

ಕನ್ನಡ ಸಾಹಿತ್ಯ ವಿಮರ್ಶೆ ಪತ್ತೇದಾರಿ ಕಾದಂಬರಿಗೆ ಮೀಸಲಿಟ್ಟ ಪುಟಗಳು ಬಹಳ ಕಡಿಮೆ. ಓದುಗರನ್ನು ಬೆಳೆಸಿದ ಪ್ರಕಾರವೆಂದು ಒಂದು ಮಾತಿನ ಮೆಚ್ಚುಗೆ ಸೂಚಿಸಿ ಸಾಹಿತ್ಯ ಚರಿತ್ರೆಗಳು ಮುಂದೆ ಸಾಗಿವೆ. ಈ ಪ್ರಕಾರ ಅಪರಾಧವನ್ನು ಹೇಗೆ ಕಲ್ಪಿಸಿಕೊಂಡಿತು, ಅಪರಾಧಿಯನ್ನು ಎಲ್ಲಿ ಹುಡುಕಿತು, ಯಾವ ಊರುಗಳನ್ನು ಸಂಶಯದ ಊರುಗಳನ್ನಾಗಿ ಮಾಡಿತು ಎಂಬ ಪ್ರಶ್ನೆಗಳು ಇದರಿಂದ ಹಾಗೆಯೇ ಉಳಿದಿವೆ. ಇವು ಕೇವಲ ಸಾಹಿತ್ಯಿಕ ಪ್ರಶ್ನೆಗಳಲ್ಲ. ಒಂದು ಸಮಾಜ ಪೊಲೀಸರಿಂದ ಏನನ್ನು ನಿರೀಕ್ಷಿಸುತ್ತದೆ, ಆರೋಪಿಯನ್ನು ಹೇಗೆ ನೋಡುತ್ತದೆ ಎಂಬುದನ್ನು ರೂಪಿಸುವಲ್ಲಿ ಕಥೆಗಳ ಪಾತ್ರ ದೊಡ್ಡದು.

ಈ ಪ್ರಶ್ನೆಗಳನ್ನು ಮಾದಕ ದ್ರವ್ಯದ ಅಪರಾಧವೊಂದಕ್ಕೆ ಸೀಮಿತಗೊಳಿಸಿ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ನೆಲವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಆಯ್ಕೆಗೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಕೊಲೆ ಅಥವಾ ಕಳವಿನಂತೆ ಮಾದಕ ದ್ರವ್ಯದ ಅಪರಾಧ ಒಂದು ಕ್ಷಣದಲ್ಲಿ ನಡೆದು ಮುಗಿಯುವಂಥದಲ್ಲ. ಬಿತ್ತನೆಯಿಂದ ಮಾರಾಟದವರೆಗೆ ಅದು ಹಲವು ಕೈಗಳನ್ನು ದಾಟುತ್ತದೆ. ಎರಡನೆಯದಾಗಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಡಿ ಮತ್ತು ಸಿಂದಗಿ ಕನ್ನಡದ ರೋಚಕ ಬರವಣಿಗೆಯಿಂದ ಹೆಸರು ಪಡೆದಷ್ಟೇ ಹೆಸರು ಕೆಡಿಸಿಕೊಂಡ ಪ್ರದೇಶಗಳು. ಇಲ್ಲಿ ಕಥೆ ಕಂಡದ್ದೇನು, ಕಾಣದೆ ಬಿಟ್ಟದ್ದೇನು ಎಂಬುದು ಪ್ರಕಾರದ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸಿಕೊಡುತ್ತದೆ.

2

ಪತ್ತೇದಾರಿ ಕಥೆಗೂ ಅಮಲು ಪದಾರ್ಥಕ್ಕೂ ಇರುವ ನಂಟು ಪ್ರಕಾರದ ಹುಟ್ಟಿನಷ್ಟೇ ಹಳೆಯದು. ವಿಲ್ಕಿ ಕಾಲಿನ್ಸ್‌ನ 'ದ ಮೂನ್‌ಸ್ಟೋನ್' (1868) ಕಾದಂಬರಿಯಲ್ಲಿ ವಜ್ರ ಕಾಣೆಯಾದ ರಹಸ್ಯ ಬಿಡಿಸಿಕೊಳ್ಳುವುದು ಅಫೀಮಿನ ಮೂಲಕ. ತನಗೆ ತಿಳಿಯದಂತೆ ಅಫೀಮು ಸೇವಿಸಿದವನೊಬ್ಬ ಅದರ ಅಮಲಿನಲ್ಲಿ ವಜ್ರವನ್ನು ಎತ್ತಿರುತ್ತಾನೆ. ವಜ್ರವನ್ನು ಭಾರತದಿಂದ ಲೂಟಿ ಮಾಡಿ ತರಲಾಯಿತೆಂಬುದನ್ನು ಆ ಕಾದಂಬರಿ ನೆನಪಿಟ್ಟುಕೊಂಡಿದೆ. ಅದೇ ಕಾಲದಲ್ಲಿ ಭಾರತದ ಹೊಲಗಳಿಂದ ಅಫೀಮು ಹಡಗೇರಿ ಹೋಗುತ್ತಿದ್ದುದನ್ನು ಅದು ವಿಚಾರಣೆಗೆ ಎತ್ತಿಕೊಳ್ಳುವುದಿಲ್ಲ. ಕಾನನ್ ಡಾಯ್ಲ್‌ನ 'ದ ಸೈನ್ ಆಫ್ ಫೋರ್' (1890) ಷರ್ಲಾಕ್ ಹೋಮ್ಸ್ ಕೊಕೇನ್ ಚುಚ್ಚಿಕೊಳ್ಳುವ ದೃಶ್ಯದಿಂದ ಆರಂಭವಾಗುತ್ತದೆ. 1891ರಲ್ಲಿ ಪ್ರಕಟವಾದ ಅವನ ಮತ್ತೊಂದು ಕಥೆ ಲಂಡನ್ನಿನ ಅಫೀಮು ಅಡ್ಡೆಯೊಳಕ್ಕೆ ಓದುಗನನ್ನು ಒಯ್ಯುತ್ತದೆ. ಈ ಮೂರೂ ಕಡೆ ಅಮಲು ಪದಾರ್ಥ ಒಂದು ವಾತಾವರಣ, ಒಂದು ದೌರ್ಬಲ್ಯ, ಇಲ್ಲವೆ ಒಂದು ಸುಳಿವು. ಅದನ್ನು ಬೆಳೆದವರಾರು ಎಂಬ ಪ್ರಶ್ನೆ ಕಥೆಯ ಹೊರಗೇ ನಿಲ್ಲುತ್ತದೆ.

ಬಂಗಾಳಿಯಿಂದ ಕಾದಂಬರಿಗಳನ್ನು ತಂದ ಬಿ. ವೆಂಕಟಾಚಾರ್ಯರ (1845–1914) ಕಾಲದಿಂದಲೇ ಕನ್ನಡದ ಓದುಗರಿಗೆ ಅಪರಾಧ ಮತ್ತು ಶೋಧದ ಕಥನಗಳ ರುಚಿ ಹತ್ತಿತು. ಅದು ಸ್ವತಂತ್ರ ಪ್ರಕಾರವಾಗಿ ನೆಲೆಗೊಂಡದ್ದು ಐವತ್ತರ ದಶಕದಲ್ಲಿ. ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯ (1925–2011) ಪುರುಷೋತ್ತಮ, ಮಧುಸೂದನ, ಅರಿಂಜಯರಂಥ ಪತ್ತೇದಾರರನ್ನು ಸೃಷ್ಟಿಸಿ, ಅಕ್ಷರ ಕಲಿತ ಕೂಡಲೇ ಕೈಗೆತ್ತಿಕೊಳ್ಳಬಹುದಾದ ಪುಸ್ತಕಗಳನ್ನು ಕನ್ನಡಕ್ಕೆ ಕೊಟ್ಟರು. ಕನ್ನಡ ಬಾವುಟದ ರೂಪದಿಂದ ಇಂದು ಹೆಚ್ಚು ನೆನಪಾಗುವ ಮ. ರಾಮಮೂರ್ತಿಯವರೂ ತಮ್ಮ ಕಾಲದ ಪ್ರಮುಖ ಪತ್ತೇದಾರಿ ಕಾದಂಬರಿಕಾರರೇ. ಚಲನಚಿತ್ರದಲ್ಲಿ 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' (1968) ಮುಂತಾದವು ಗುಪ್ತದಳದ ನಾಯಕನನ್ನು ಜನಪ್ರಿಯಗೊಳಿಸಿದವು.

ಈ ಪರಂಪರೆಯ ಒಳನಿಯಮಗಳು ಮೂರು. ಅಪರಾಧಕ್ಕೆ ಒಬ್ಬ ಕರ್ತೃ ಇರಬೇಕು; ಒಂದು ಗುಟ್ಟು ಇರಬೇಕು; ಕೊನೆಯಲ್ಲಿ ಆ ಕರ್ತೃವಿನ ಮುಖವಾಡ ಕಳಚಿ ಅವನ ಬಾಯಿಂದಲೇ ತಪ್ಪೊಪ್ಪಿಗೆ ಬರಬೇಕು. ಕೊಲೆಯ ಕಥೆಗೆ ಈ ಚೌಕಟ್ಟು ಒಪ್ಪುತ್ತದೆ. ಕಳ್ಳಸಾಗಣೆಯ ಕಥೆಗೂ ಅದನ್ನೇ ತೊಡಿಸಿದಾಗ ಇಡೀ ಜಾಲದ ತಲೆಯಲ್ಲಿ ಒಬ್ಬ ಖಳನಾಯಕನನ್ನು ಕೂರಿಸುವುದು ಅನಿವಾರ್ಯವಾಗುತ್ತದೆ. ಅವನು ಸಿಕ್ಕಿಬಿದ್ದೊಡನೆ ವ್ಯವಹಾರವೇ ಮುಗಿಯಿತೆಂಬ ಸಮಾಧಾನ ಓದುಗನಿಗೆ ದೊರೆಯುತ್ತದೆ. ವಾಸ್ತವದಲ್ಲಿ ಒಬ್ಬ ಸಾಗಣೆಗಾರ ಸೆರೆಯಾದ ಮಾತ್ರಕ್ಕೆ ಬೇಡಿಕೆ ನಿಲ್ಲುವುದಿಲ್ಲ, ದಾರಿ ಮುಚ್ಚುವುದಿಲ್ಲ, ಬೀಜ ಇಲ್ಲವಾಗುವುದಿಲ್ಲ. ಅಮೆರಿಕದ ಎಡ್ ಮ್ಯಾಕ್‌ಬೇನ್ 1956ರಿಂದ ಬರೆದ ಠಾಣಾ ಕಾದಂಬರಿಗಳು ಈ ತೊಡಕನ್ನು ಒಂದು ಮಟ್ಟಿಗೆ ಅರಿತಿದ್ದವು. ಆ ವರ್ಷದ್ದೇ ಆದ 'ದ ಪುಷರ್' ಹೆರಾಯಿನ್ ಮಾರಾಟವನ್ನು ಕುರಿತದ್ದು. ಆ ಮಾಲಿಕೆಯಲ್ಲಿ ಒಬ್ಬ ನಾಯಕನ ಬದಲು ಠಾಣೆಯೇ ನಾಯಕನಾಗುತ್ತದೆ; ಪೊಲೀಸ್ ನಮೂನೆಗಳು, ವರದಿಗಳು ಕಥೆಯ ನಡುವೆ ಅಚ್ಚಾಗುತ್ತವೆ. ಕನ್ನಡದ ಪ್ರಧಾನ ಧಾರೆ ಈ ದಾರಿ ಹಿಡಿಯಲಿಲ್ಲ. ಅದರ ಪತ್ತೇದಾರ ಕೊನೆಯವರೆಗೂ ಏಕಾಂಗಿ ಬುದ್ಧಿವಂತನಾಗಿಯೇ ಉಳಿದ.

3

ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಈ ಹೊಳೆಗಳ ಎರೆಭೂಮಿಯಲ್ಲಿ ಹರಡಿಕೊಂಡ ನಾಲ್ಕು ತಾಲ್ಲೂಕುಗಳು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಂಡಿಯ ನಿಂಬೆ, ಸಿಂದಗಿಯ ಹತ್ತಿ ತೊಗರಿ, ಮುದ್ದೇಬಿಹಾಳದ ಒಣಬೇಸಾಯ, ಆಲಮಟ್ಟಿ ಅಣೆಕಟ್ಟಿನ ನಂತರ ಬಾಗೇವಾಡಿ ಸೀಮೆಯಲ್ಲಿ ಕಂಡ ನೀರಾವರಿ, ಇವು ಈ ನೆಲದ ಆರ್ಥಿಕ ಚಿತ್ರಗಳು. ಈಚೆಗೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ ಹಳೆಯ ಗಡಿಗಳು ಬದಲಾಗಿವೆ.

ರೋಚಕ ಬರವಣಿಗೆಯಲ್ಲಿ ಈ ಸೀಮೆ ಪ್ರವೇಶಿಸಿದ್ದು ಬಂದೂಕಿನ ಮೂಲಕ. ರವಿ ಬೆಳಗೆರೆಯವರ (1958–2020) 'ಭೀಮಾ ತೀರದ ಹಂತಕರು' ಎಂಬ ಕೃತಿಯ ಶೀರ್ಷಿಕೆ ನಾಡಿನಾದ್ಯಂತ ನಾಣ್ಣುಡಿಯಂತೆ ಬಳಕೆಗೆ ಬಂತು. ವರದಿಗಾರಿಕೆಯಿಂದ ಹುಟ್ಟಿದ ಆ ಬರವಣಿಗೆಯಲ್ಲಿ ಕಾದಂಬರಿಯ ವೇಗವಿದೆ, ಮನೆತನದ ಹಗೆ, ಪ್ರತೀಕಾರ, ನಾಡಪಿಸ್ತೂಲು, ಬೆನ್ನಟ್ಟುವ ಪೊಲೀಸರ ಚಿತ್ರಗಳಿವೆ. 2012ರಲ್ಲಿ ತೆರೆಕಂಡ, ಓಂ ಪ್ರಕಾಶ್ ರಾವ್ ನಿರ್ದೇಶನದ 'ಭೀಮಾ ತೀರದಲ್ಲಿ' ಆ ಬಿಂಬವನ್ನು ಮತ್ತಷ್ಟು ಗಟ್ಟಿಗೊಳಿಸಿತು. ಅಲ್ಲಿಂದ ಮುಂದೆ ಇಂಡಿ ಅಥವಾ ಸಿಂದಗಿಯಲ್ಲಿ ಯಾವ ಅಪರಾಧ ನಡೆದರೂ ಸುದ್ದಿಯ ತಲೆಬರಹಕ್ಕೆ ಸಿದ್ಧವಾದ ವಿಶೇಷಣವೊಂದು ದೊರೆಯಿತು. ಕೆಲವರ ಕೃತ್ಯ ಒಂದು ನದಿಯ ಗುಣವಾಗಿ ಬದಲಾದದ್ದು ಹೀಗೆ.

ಇಂಥ ಗುರುತು ಹಚ್ಚುವಿಕೆಗೆ ಈ ಜಿಲ್ಲೆಯಲ್ಲಿ ಹಿಂದಿನ ಚರಿತ್ರೆಯೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ವಸಾಹತು ಸರಕಾರ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದು ಬಿಜಾಪುರದ ಸೆಟ್ಲಮೆಂಟಿನಲ್ಲಿ ಇರಿಸಿತ್ತು. ಆ ಕಾನೂನು 1952ರಲ್ಲಿ ರದ್ದಾಯಿತು. ವ್ಯಕ್ತಿಗಿಂತ ಮೊದಲು ಸಮೂಹವನ್ನು ಸಂಶಯಿಸುವ ಅದರ ದೃಷ್ಟಿ ಮಾತ್ರ ಕಥನಗಳಲ್ಲಿ ಬೇರೆ ಹೆಸರಿನಿಂದ ಮುಂದುವರಿಯಿತು.

ಇದಕ್ಕೆ ಉತ್ತರವಾಗಿ ಸ್ಥಳೀಯ ಅಭಿಮಾನ ಇನ್ನೊಂದು ಬಿಂಬವನ್ನು ಮುಂದಿಡುತ್ತದೆ. ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಕನ್ನಡಕ್ಕೆ ಕೊಟ್ಟರು. ಇದು ಹಂತಕರ ನೆಲವಲ್ಲ, ಶರಣರ ನೆಲ ಎಂಬುದು ಆ ವಾದ. ವಾದದ ಹಿಂದಿನ ನೋವು ಅರ್ಥವಾಗುವಂಥದು. ಆದರೆ ಎರಡು ಬಿಂಬಗಳೂ ಒಂದೇ ಕೊರತೆಯಿಂದ ಬಳಲುತ್ತವೆ. ಒಂದು ಬಂದೂಕನ್ನು ನೋಡುತ್ತದೆ, ಇನ್ನೊಂದು ಗದ್ದುಗೆಯನ್ನು. ಇವೆರಡರ ನಡುವೆ ಇರುವ ಹೊಲ ಯಾವುದರಲ್ಲಿಯೂ ಕಾಣುವುದಿಲ್ಲ. ಮಾದಕ ದ್ರವ್ಯದ ಅಪರಾಧ ಇಲ್ಲಿ ನಡೆಯುವುದು ಆ ಹೊಲದಲ್ಲಿ.

4

ಗಾಂಜಾ ಈ ಸೀಮೆಗೆ ಹೊರಗಿನಿಂದ ಬಂದ ವಿಷವೆಂದು ಬರೆದರೆ ಅದು ಚರಿತ್ರೆಗೆ ಒಪ್ಪುವುದಿಲ್ಲ. ಉತ್ತರ ಕರ್ನಾಟಕದ ಆರೂಢ, ಅವಧೂತ ಪರಂಪರೆಗಳಲ್ಲಿ ಭಂಗಿ ಮತ್ತು ಚಿಲುಮೆಗಳ ಬಳಕೆಯಿತ್ತು. ತತ್ವಪದಗಳಲ್ಲಿ ಅವು ರೂಪಕಗಳಾಗಿಯೂ ಬಂದಿವೆ. 1893–94ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಭಾರತೀಯ ಸೆಣಬಿನ ಮಾದಕಗಳ ಆಯೋಗ ಸಂಪೂರ್ಣ ನಿಷೇಧ ಅಗತ್ಯವೂ ಅಲ್ಲ, ಉಚಿತವೂ ಅಲ್ಲ ಎಂಬ ನಿಲುವಿಗೆ ಬಂದಿತ್ತು. ಆ ಬಳಿಕವೂ ಬಹುಕಾಲ ಅದು ಪರವಾನಗಿ ಮತ್ತು ತೆರಿಗೆಗೆ ಒಳಪಟ್ಟ ಸರಕಾಗಿತ್ತು. 1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್.ಡಿ.ಪಿ.ಎಸ್. ಕಾಯ್ದೆ ಅದನ್ನು ದೇಶದಾದ್ಯಂತ ಕಠಿಣ ಶಿಕ್ಷೆಯ ಅಪರಾಧವನ್ನಾಗಿಸಿತು. ಹಿಂದಿನ ತಲೆಮಾರಿನ ಕಣ್ಣಿಗೆ ಸಾಧುವಿನ ಚಿಲುಮೆಯ ಸೊಪ್ಪಾಗಿದ್ದದ್ದು ಮುಂದಿನ ತಲೆಮಾರಿಗೆ ಹತ್ತು ವರ್ಷಗಳ ಸೆರೆವಾಸದ ಕಾರಣವಾಯಿತು. ಕಾದಂಬರಿಗೆ ಇದಕ್ಕಿಂತ ದೊಡ್ಡ ವಸ್ತು ಅಪರೂಪ. ಕನ್ನಡದ ಪತ್ತೇದಾರ ಈ ಬದಲಾವಣೆಯ ಮುಂದೆ ನಿಂತು ಯೋಚಿಸಲಿಲ್ಲ.

ಹತ್ತಿ, ತೊಗರಿ, ಕಬ್ಬಿನ ಸಾಲುಗಳ ನಡುವೆ ಗಾಂಜಾ ಗಿಡಗಳನ್ನು ಬೆಳೆದ ಪ್ರಕರಣಗಳು ಈ ಜಿಲ್ಲೆಯಿಂದ ವರದಿಯಾಗುತ್ತಲೇ ಬಂದಿವೆ. ಎತ್ತರದ ಪೈರು ಗಿಡಕ್ಕೆ ಮರೆಯಾಗುತ್ತದೆ. ಪೊಲೀಸರು ಅಥವಾ ಅಬಕಾರಿ ಅಧಿಕಾರಿಗಳು ಹೊಲಕ್ಕೆ ಬಂದಾಗ ಅವರ ಮುಂದಿನ ಮೊದಲ ಪ್ರಶ್ನೆ ಬೆಳೆದವರಾರು ಎಂಬುದು. ಉತಾರದಲ್ಲಿ ಒಬ್ಬರ ಹೆಸರಿರುತ್ತದೆ. ಹೊಲವನ್ನು ಲಾವಣಿಗೆ ಹಿಡಿದವರು ಇನ್ನೊಬ್ಬರು. ನೀರು ಹಾಯಿಸಿ ಕಳೆ ತೆಗೆದ ಆಳು ಮತ್ತೊಬ್ಬ. ಬೀಜ ಕೊಟ್ಟು ಮಾಲು ಒಯ್ಯುವವನು ಊರಿನವನೇ ಆಗಿರಬೇಕೆಂದಿಲ್ಲ. ಲಾವಣಿಯ ಮಾತು ಬಹುಪಾಲು ಬಾಯಿಮಾತು. ಮಳೆ ಕೈಕೊಟ್ಟ ವರ್ಷ ದುಡಿಯಲು ಮುಂಬಯಿಗೋ ಗೋವೆಗೋ ಹೋದ ಮಾಲೀಕ ತನ್ನ ಹೊಲದ ಸಾಲಿನಲ್ಲಿ ಏನು ಬೆಳೆದಿದೆಯೆಂದು ಅರಿಯದೆ ಇರಬಹುದು, ಅರಿತೂ ಸುಮ್ಮನಿರಬಹುದು. ಅಕ್ರಮ ಬೆಳೆ ಕಂಡರೆ ತಿಳಿಸುವ ಹೊಣೆಯನ್ನು ಕಾಯ್ದೆ ಭೂಮಿಯ ಹಿಡುವಳಿದಾರನ ಮೇಲೂ ಗ್ರಾಮಾಧಿಕಾರಿಗಳ ಮೇಲೂ ಹೊರಿಸಿದೆ. ತಿಳಿದಿತ್ತೆ, ತಿಳಿದಿರಲಿಲ್ಲವೆ ಎಂಬುದೇ ಇಲ್ಲಿ ನಿಜವಾದ ರಹಸ್ಯ. ಕಾಯ್ದೆ ಆರೋಪಿಯ ಮನಸ್ಸಿನ ಕುರಿತು ಅವನ ವಿರುದ್ಧವಾದ ಪೂರ್ವಭಾವನೆಗೆ ಅವಕಾಶ ಕೊಡುವುದರಿಂದ ಆ ರಹಸ್ಯವನ್ನು ಬಿಡಿಸುವ ಭಾರ ಬಡವನ ತಲೆಯ ಮೇಲೆಯೇ ಬೀಳುವ ಸಂಭವವಿದೆ.

ಎರಡನೆಯ ಪ್ರಶ್ನೆ ತೂಕದ್ದು. ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಎಂದು ಕಾಯ್ದೆ ವ್ಯಾಖ್ಯಾನಿಸುತ್ತದೆ. ತುದಿಗಳಿಂದ ಬೇರ್ಪಟ್ಟ ಬೀಜ ಮತ್ತು ಎಲೆ ಅದರಲ್ಲಿ ಸೇರುವುದಿಲ್ಲ. 2001ರ ಅಧಿಸೂಚನೆಯಂತೆ 1 ಕಿಲೋಗ್ರಾಂವರೆಗಿನದು ಅಲ್ಪ ಪ್ರಮಾಣ, 20 ಕಿಲೋಗ್ರಾಂ ಮೀರಿದ್ದು ವಾಣಿಜ್ಯ ಪ್ರಮಾಣ. ವಶದಲ್ಲಿಟ್ಟುಕೊಂಡ ಅಪರಾಧಕ್ಕೆ ಮೊದಲನೆಯದರಲ್ಲಿ ಹೆಚ್ಚೆಂದರೆ 1 ವರ್ಷ, ಎರಡನೆಯದರಲ್ಲಿ ಕನಿಷ್ಠ 10 ವರ್ಷಗಳ ಕಠಿಣ ಸಜೆ. ಜಾಮೀನು ಸಿಗುವುದೂ ದುಸ್ತರ. ಹೀಗಿರುವಾಗ ಬೇರು, ಕಾಂಡ, ಎಲೆ, ಅಂಟಿದ ಎರೆಮಣ್ಣು ಎಲ್ಲವನ್ನೂ ಕೂಡಿಸಿ ತೂಗಿದರೋ, ತುದಿಗಳನ್ನು ಬೇರ್ಪಡಿಸಿ ತೂಗಿದರೋ ಎಂಬುದು ಒಬ್ಬ ಮನುಷ್ಯನ ಆಯುಷ್ಯದ ವರ್ಷಗಳನ್ನು ನಿರ್ಧರಿಸುತ್ತದೆ. ತಕ್ಕಡಿಯ ಮುಳ್ಳಿನಲ್ಲಿ ಇಷ್ಟು ಆತಂಕ ಅಡಗಿರುವಾಗ ರೋಚಕ ಕಥೆ ಅದನ್ನು ಬಿಟ್ಟು ಬೆನ್ನಟ್ಟುವ ಜೀಪಿನ ಕಡೆಗೆ ತಿರುಗುವುದು ಪ್ರಕಾರದ ಅಭ್ಯಾಸಬಲವಲ್ಲದೆ ಬೇರೆಯಲ್ಲ.

5

ಕಥೆಯ ಪತ್ತೇದಾರನ ಮೂರು ಶ್ರೇಷ್ಠ ಗಳಿಗೆಗಳನ್ನು ಕಾಯ್ದೆಯ ಮುಂದಿಟ್ಟು ನೋಡಿದರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಗುಟ್ಟಿನ ಮಾಹಿತಿ ಮೊದಲನೆಯದು. ಕಥೆಯಲ್ಲಿ ಅದು ಪತ್ತೇದಾರನ ಕಿವಿಯಲ್ಲಿ ಉಳಿಯುತ್ತದೆ. ಕಟ್ಟಡ, ವಾಹನ ಅಥವಾ ಆವೃತ ಸ್ಥಳವನ್ನು ಶೋಧಿಸಬೇಕಾದಾಗ ಕಾಯ್ದೆಯ 42ನೆಯ ಕಲಮಿನ ಪ್ರಕಾರ ಫೌಜದಾರ ಮಾಹಿತಿಯನ್ನು ಬರೆದಿಟ್ಟು, 72 ಗಂಟೆಗಳೊಳಗೆ ಮೇಲಧಿಕಾರಿಗೆ ಪ್ರತಿಯನ್ನು ಕಳಿಸಬೇಕು. ರಾತ್ರಿಯ ದಾಳಿ ಎರಡನೆಯದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಅವಧಿಯಲ್ಲಿ ವಾರಂಟಿಲ್ಲದೆ ಒಳಹೊಗಬೇಕಾದರೆ ಅದಕ್ಕೆ ಕಾರಣವನ್ನು ದಾಖಲಿಸಬೇಕು. ವ್ಯಕ್ತಿಯ ಮೈಶೋಧನೆಗೆ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ದಂಡಾಧಿಕಾರಿಯ ಎದುರು ಶೋಧನೆಗೊಳ್ಳುವ ಹಕ್ಕು ಆತನಿಗಿದೆಯೆಂದು ತಿಳಿಸಬೇಕು. ಇದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೂರನೆಯದು ತಪ್ಪೊಪ್ಪಿಗೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆ ಮೊದಲಿನಿಂದಲೂ ಇಲ್ಲ. ಈ ಕಾಯ್ದೆಯಡಿ ಅಧಿಕಾರ ಪಡೆದ ಇತರ ಇಲಾಖೆಗಳ ಅಧಿಕಾರಿಗಳಿಗೂ ಅದೇ ನಿಯಮ ಅನ್ವಯಿಸುತ್ತದೆಂದು 2020ರ ತೂಫಾನ್ ಸಿಂಗ್ ತೀರ್ಪು ಸ್ಪಷ್ಟಪಡಿಸಿತು. ಕಥೆಯ ಶಿಖರ ಯಾವುದೋ ಅದು ನ್ಯಾಯಾಲಯದಲ್ಲಿ ಶೂನ್ಯ.

ಉಳಿಯುವುದು ಪಂಚನಾಮೆ. ಪಂಚರ ಸಹಿ, ಮಾದರಿ ತೆಗೆದ ಬಗೆ, ಅರಗಿನ ಮೊಹರು, ಮುದ್ದೆಮಾಲು ಠಾಣೆಯಿಂದ ಪ್ರಯೋಗಾಲಯಕ್ಕೆ ಹೋದ ದಿನಾಂಕ, ಇವುಗಳಲ್ಲಿ ಒಂದು ಕೊಂಡಿ ಸಡಿಲಾದರೂ ಪ್ರಕರಣ ಬೀಳಬಹುದು. ಪಂಚನಾದವನು ಅದೇ ಊರಿನವನು. ಆರೋಪಿಯ ಮನೆಯವರೊಂದಿಗೆ ನಿತ್ಯ ಮುಖ ನೋಡಿ ಬಾಳಬೇಕಾದವನು. ವರ್ಷಗಳ ನಂತರ ಸಾಕ್ಷಿಕಟ್ಟೆಯಲ್ಲಿ ಆತ ಪ್ರತಿಕೂಲ ನುಡಿದರೆ ಅದಕ್ಕೆ ಭಯ, ದಾಕ್ಷಿಣ್ಯ, ಆಮಿಷ, ಕೆಲವೊಮ್ಮೆ ಸತ್ಯವೂ ಕಾರಣವಾಗಿರಬಹುದು. ಬರೆದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದವನಿಗೆ ಬೇರೆ ಮಾತು ಉಳಿದಿರುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧನೆ ಮತ್ತು ಜಪ್ತಿಯ ಧ್ವನಿ–ದೃಶ್ಯ ದಾಖಲೆಯನ್ನು ವಿಧಿಸಿದೆ. ಪಂಚನ ಕಣ್ಣಿನ ಪಕ್ಕದಲ್ಲಿ ಈಗ ಮೊಬೈಲ್ ಫೋನಿನ ಕಣ್ಣೂ ಸೇರಿದೆ.

ವಾಸ್ತವದ ತನಿಖೆ ನೀರಸವೆಂಬ ಊಹೆಯನ್ನು ನೆರೆಯ ಜಿಲ್ಲೆಯ ಒಂದು ಪ್ರಕರಣವೇ ಸುಳ್ಳಾಗಿಸುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶೇಷಾದ್ರಿಪುರಂ ಪೊಲೀಸರು ಆಟೋ ಚಾಲಕನೊಬ್ಬನ ಬಳಿ ಸಿಕ್ಕ ಅಲ್ಪ ಗಾಂಜಾದಿಂದ ಹೊರಟು, ಕೊಂಡಿಗೆ ಕೊಂಡಿ ಹಿಡಿದು, ಕಲಬುರಗಿ ಜಿಲ್ಲೆಯ ಕಾಳಗಿ ಭಾಗದ ಕುರಿ ಸಾಕಣೆ ಕೇಂದ್ರವೊಂದರ ನೆಲದಡಿ ಅಡಗಿಸಿಟ್ಟಿದ್ದ ಸುಮಾರು 1,350 ಕಿಲೋಗ್ರಾಂ ಗಾಂಜಾವನ್ನು ವಶಪಡಿಸಿಕೊಂಡರು. ಆ ವಾರಗಳಲ್ಲಿ ನಾಡಿನ ಗಮನವೆಲ್ಲ ಕನ್ನಡ ಚಿತ್ರರಂಗದ ತಾರೆಯರ ಮೇಲಿದ್ದ ಇನ್ನೊಂದು ಮಾದಕ ಪ್ರಕರಣದ ಕಡೆಗಿತ್ತು. ನಗರದ ಪರಿಚಿತ ಮುಖ ಕಥೆಯಾಯಿತು. ಹಳ್ಳಿಯ ನೆಲದಡಿಯ ಗೋದಾಮು ಒಂದು ಸುದ್ದಿಯಾಗಿ ಉಳಿಯಿತು. ಕಥನದ ಹಳೆಯ ಅಭ್ಯಾಸ ಸುದ್ದಿಯನ್ನೂ ಹೇಗೆ ಆಳುತ್ತದೆಂಬುದಕ್ಕೆ ಇದು ನಿದರ್ಶನ.

6

ಹಾಗಾದರೆ ಬೆಳೆಯಿಂದ ಆರಂಭಿಸಿ ಅಪರಾಧವನ್ನು ಹೇಳುವ ದಾರಿ ಕನ್ನಡದಲ್ಲಿ ಇಲ್ಲವೆ? ಇದೆ, ಅದು ಪತ್ತೇದಾರಿ ಸಾಹಿತ್ಯದ ಅಂಚಿನಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985) ಪತ್ತೇದಾರಿ ಕಾದಂಬರಿಯ ಸಾಮಗ್ರಿಯನ್ನೆಲ್ಲ ಇಟ್ಟುಕೊಂಡ ಕೃತಿ. ಕೆಸರೂರಿಗೆ ಬರುವ ಗುಪ್ತಚರ ಇಲಾಖೆಯ ಅಂಗಡಿ, ಏಲಕ್ಕಿ ಸಂಶೋಧಕನ ಸಂಶಯಾಸ್ಪದ ಸಾವು, ಗುಟ್ಟುಗಳು ಎಲ್ಲವೂ ಅಲ್ಲಿವೆ. ಆದರೆ ಕಾದಂಬರಿಯ ಕೇಂದ್ರದಲ್ಲಿ ಕೊಲೆಗಾರನಿಲ್ಲ, ಏಲಕ್ಕಿ ಬೆಳೆಯಿದೆ. ಬೆಳೆಯ ಸುತ್ತ ಜಾತಿ, ವ್ಯಾಪಾರ, ಕಾಡು, ವಿಜ್ಞಾನ, ಪ್ರೇಮ ಹೆಣೆದುಕೊಂಡಿವೆ. ಪತ್ತೇದಾರ ಒಬ್ಬ ಅಪರಾಧಿಯನ್ನು ಹಿಡಿದುಕೊಡುವ ಮೊದಲೇ ಊರು ಬೆಂಕಿಗೆ ಸಿಕ್ಕುತ್ತದೆ. 'ಜುಗಾರಿ ಕ್ರಾಸ್' (1994) ಏಲಕ್ಕಿ ಮಾರಲು ಹೊರಟ ದಂಪತಿಯನ್ನು ಮಲೆನಾಡಿನ ಕಳ್ಳವ್ಯವಹಾರದ ಜಾಲದೊಳಕ್ಕೆ ಒಯ್ಯುತ್ತದೆ. ಎರಡೂ ಕಡೆ ರೋಚಕತೆಗೆ ಕೊರತೆಯಿಲ್ಲ. ಸರಕಿನ ಜಾಡು ಹಿಡಿದರೂ ಕುತೂಹಲ ಉಳಿಯುತ್ತದೆಂಬುದಕ್ಕೆ ಇವು ಸಾಕ್ಷಿ. ಅಮಿತಾವ್ ಘೋಷ್ ಅವರ 'ಸೀ ಆಫ್ ಪಾಪೀಸ್' (2008) ಅಫೀಮಿನ ಹೊಲದಿಂದಲೇ ಆರಂಭವಾಗಿ ಕಾಲಿನ್ಸ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿತು. ಅದಕ್ಕಾಗಿ ಅದು ಪತ್ತೇದಾರನನ್ನೇ ಬಿಡಬೇಕಾಯಿತು. ತೇಜಸ್ವಿ ಪತ್ತೇದಾರನನ್ನು ಉಳಿಸಿಕೊಂಡು, ಅವನ ಗೆಲುವನ್ನು ಮಾತ್ರ ಕೈಬಿಟ್ಟರು. ಕನ್ನಡದ ಮಟ್ಟಿಗೆ ಇದು ಮಹತ್ವದ ರೂಪಶೋಧ.

ಈ ಮಾದರಿಯನ್ನು ಮಲೆನಾಡಿನಿಂದ ಎರೆಸೀಮೆಗೆ ಯಥಾವತ್ತಾಗಿ ತರಲಾಗದು. ಕಾಡಿನ ನಿಗೂಢತೆ ಬಯಲಿನಲ್ಲಿಲ್ಲ. ಬಯಲಿನ ನಿಗೂಢತೆ ಇರುವುದು ಉತಾರಕ್ಕೂ ಲಾವಣಿಗೂ ನಡುವಿನ ಅಂತರದಲ್ಲಿ, ಭೀಮೆಯ ಈಚೆಗೂ ಆಚೆಯ ಸೊಲ್ಲಾಪುರ ಜಿಲ್ಲೆಗೂ ನಡುವೆ ಬದಲಾಗುವ ಪೊಲೀಸ್ ಸರಹದ್ದಿನಲ್ಲಿ, ಪಂಚನ ಮೌನದಲ್ಲಿ. ಇವನ್ನು ಬಲ್ಲವರು ಆ ಊರುಗಳಲ್ಲಿಯೇ ಇದ್ದಾರೆ.

7

ಈವರೆಗಿನ ಪರಿಶೀಲನೆಯಿಂದ ಹೊರಡುವ ತೀರ್ಮಾನ ಇಷ್ಟು. ಕನ್ನಡ ರೋಚಕ ಕಾದಂಬರಿ ಮಾದಕ ದ್ರವ್ಯದ ಅಪರಾಧವನ್ನು ಸರಿಯಾಗಿ ಎದುರುಗೊಳ್ಳದೆ ಹೋದದ್ದಕ್ಕೆ ಲೇಖಕರ ಪ್ರತಿಭೆಯ ಕೊರತೆ ಕಾರಣವಲ್ಲ. ಒಬ್ಬ ಕರ್ತೃವನ್ನು ಬೇಡುವ ರೂಪ, ಹಲವು ಕೈಗಳ ಅಪರಾಧವನ್ನು ಹಿಡಿಯಲಾರದು. ಆ ರೂಪವನ್ನೇ ನೆಚ್ಚಿದಾಗ ಸಿಕ್ಕಿಬಿದ್ದ ಕೊನೆಯ ಕೈಯೇ ಮುಖ್ಯ ಕೈಯಾಗಿ ತೋರುತ್ತದೆ. ಆ ಕೈ ಹೆಚ್ಚಾಗಿ ಕೂಲಿಯವನದು ಅಥವಾ ಲಾವಣಿಯವನದು. ಅವನು ಸಿಗದ ಕಡೆ ಒಂದು ನದಿಯೇ ಆರೋಪಿಯಾಗುತ್ತದೆ.

ನರಸಿಂಹಯ್ಯನವರ ತಲೆಮಾರು ಓದುಗರನ್ನು ಗಳಿಸಿಕೊಟ್ಟಿತು. ಆ ಓದುಗರ ಮೊಮ್ಮಕ್ಕಳು ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಠಾಣೆಗಳಲ್ಲಿ, ನ್ಯಾಯಾಲಯಗಳಲ್ಲಿ, ಪತ್ರಿಕೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಪಂಚನಾಮೆಯ ಭಾಷೆ ಅವರಿಗೆ ಗೊತ್ತು, ಹೊಲದ ಸಾಲೂ ಗೊತ್ತು. ಅವರಲ್ಲೊಬ್ಬರು ಬರೆಯುವ ಕಾದಂಬರಿಯಲ್ಲಿ ಪತ್ತೇದಾರ ಬುದ್ಧಿವಂತನಾಗಿರಬೇಕೆಂದಿಲ್ಲ. ತೂಗುವ ಮೊದಲು ಬೇರಿನ ಮಣ್ಣು ಕೊಡವಿ, ತುದಿಗಳನ್ನು ಬೇರೆ ಮಾಡಿ ತೂಗುವವನಾಗಿದ್ದರೆ ಸಾಕು.